ವಾಚಿನ ಪರೀಕ್ಷೆ

ಅಣ್ಣ ತನ್ನ ಮೊಬೈಲ್ ಅಂಗಡಿಗೆ ಓಟಗಾರರ ವಾಚು ತರಿಸಿದ್ದ. ಅದು ಓಟವನ್ನೂ ನಿದ್ದೆಯನ್ನೂ ಸರಿಯಾಗಿ ಅಳೆಯುತ್ತದೆಯೇ ಎಂದು ನೋಡಿಯೇ ಮಾರಬೇಕೆಂದು ಮೊದಲು ತಂಗಿ ವನಜೆಯ ಕೈಗೆ ಕಟ್ಟಿದ. ಬೀದಿಯಲ್ಲಿ ಓಡಲು ನಾಚಿ ಅವಳು ವಾರವಿಡೀ ಹಿತ್ತಲಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಓಡಿದಳು.

ಭಾನುವಾರ ಗಂಡಿನವರು ನೋಡಲು ಬಂದರು. ಹಿಂದೆ ಬಂದಿದ್ದ ಇಬ್ಬರು, ಹುಡುಗಿ ಬಾಯೇ ಬಿಡುವುದಿಲ್ಲವೆಂದು ಎದ್ದು ಹೋಗಿದ್ದರು. ಈ ಹುಡುಗ ಅವಳಿಗೆ ನೋಡಿದೊಡನೆ ಹಿಡಿಸಿದ. ಆದರೇನು, ಅಮ್ಮ ಸಿಂಗರಿಸುವಾಗಲೇ ಗಾಬರಿಯಲ್ಲಿ ಮೈಮೇಲೆ ಪರಿವೆಯೇ ಇಲ್ಲದಂತಾಗಿದ್ದ ಅವಳು, ಚಾಪೆಯ ಮೇಲೆ ತಲೆ ತಗ್ಗಿಸಿ ಕೂತವಳು ಗೊಂಬೆಯಂತೆ ಕೂತೇ ಇದ್ದಳು.

ಆ ಮೌನ ತಡೆಯಲಾರದೆ ಅಣ್ಣ ಮೊಬೈಲ್ ತೆರೆದು ವಾಚಿನ ವರದಿ ನೋಡಿದ.

"ಅಯ್ಯೋ, ಆಗಿನಿಂದ ನೀನು ಗಾಢ ನಿದ್ದೇಲಿದ್ದೀಯ ಅಂತ ನಿನ್ನ ವಾಚು ತೋರಿಸ್ತಿದೆ ಕಣೇ!"

ಎಲ್ಲರೂ ನಕ್ಕರು. ಹುಡುಗನ ಮುಖ ಮಾತ್ರ ಸಣ್ಣದಾಯಿತು.

"ನಾನು ಬಂದಿದ್ದು ಅಷ್ಟು ಬೇಜಾರಾಯ್ತೇನ್ರೀ?"

ಇವನೂ ಎದ್ದು ಹೋಗುತ್ತಾನೆ ಅನ್ನಿಸಿದ್ದೇ ತಡ, ವನಜೆಯ ಬಾಯಿ ತೆರೆಯಿತು.

"ಆ ವಾಚು ಶುದ್ಧ ಸುಳ್ಳು ಹೇಳ್ತಿದೆ! ನಿಮ್ಮನ್ನ ನೋಡಿದಾಗಿಂದ ನನ್ನೆದೆ ಡವಡವ ಅಂತಿದೆ. ಈಗ್ಲೂ!"

ಹುಡುಗ ಕಿವಿಯವರೆಗೆ ಕೆಂಪಾದ. ಅಣ್ಣ ಹಣೆ ಚಚ್ಚಿಕೊಂಡ. "ಹಂಗಾದ್ರೆ ಮಾಲು ವಾಪಸ್ಸೇ."

ಅಷ್ಟರಲ್ಲಿ ಅಜ್ಜಿ ಒಳಕೋಣೆಯಿಂದ ಆಕಳಿಸುತ್ತ ಬಂದು ವನಜೆಯ ಮುಂದೆ ಕೈ ಚಾಚಿದಳು.

"ತಗೋ, ನಿನ್ನ ವಾಚು. ಶುಭಕಾರ್ಯಕ್ಕೆ ಕರೀ ಪಟ್ಟಿ ಬೇಡ, ಕೈತುಂಬ ಬಳೆ ಇರ್ಲಿ ಅಂತ ನಿಮ್ಮಮ್ಮ ನಿನ್ನ ಕೈಯಿಂದ ಬಿಚ್ಚಿ ನನಗೆ ಕಟ್ಟಿದ್ಲು. ಎಂಥಾ ಸೊಗಸಾದ ನಿದ್ದೆ ಬಂತೇ ತಾಯಿ!"