ರೂಟರ್ ಆಗಿದ್ದ ಹೆಂಡತಿ

"ಪಾಸ್‌ವರ್ಡ್?" ಎಂದಳು ಹೆಂಡತಿ, ಬೀನ್ಸ್ ಹೆಚ್ಚುತ್ತ, ತಲೆಯೆತ್ತದೆ.

ಕೇಬಲ್ ಎಳೆಯುವ ಕೆಲಸದ ಗಂಡ ತಲೆ ಕೆರೆದುಕೊಂಡು ಬಾಯಿಗೆ ಬಂದ ಪದಗಳನ್ನೆಲ್ಲ ಹೇಳಿನೋಡಿದ. "ತಪ್ಪು. ತಪ್ಪು. ಅದೂ ತಪ್ಪು," ಎನ್ನುತ್ತ ಹೋದಳು ಅವಳು.

ನೆಟ್‌ವರ್ಕ್ ಪರೀಕ್ಷೆ ನಾಳೆ ಬೆಳಿಗ್ಗೆ. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಪಾಸಾದರೆ ಕುರ್ಚಿಯ ಕೆಲಸ. ಈ ಸಲವೂ ಹೋದರೆ ನೋಯುವ ಮಂಡಿ ಹೊತ್ತು ಏಣಿ ಹತ್ತುವುದು ತಪ್ಪದು. ಅಭ್ಯಾಸಕ್ಕೆ ಮನೆಯಲ್ಲಿ ಇಂಟರ್ನೆಟ್ ಹಂಚುವ ರೂಟರ್ ಪೆಟ್ಟಿಗೆ ಇಲ್ಲದ್ದರಿಂದ ಹೆಂಡತಿಯೇ ರೂಟರ್ ಆಗಿದ್ದಳು. ಪುಸ್ತಕವನ್ನು ಅವನಿಗಿಂತ ಚೆನ್ನಾಗಿ ಓದಿಕೊಂಡು, ಅವನು ಆದೇಶ ಹೇಳಿದರೆ ಪೆಟ್ಟಿಗೆ ಹೇಗೆ ಉತ್ತರಿಸುತ್ತದೋ ಹಾಗೇ ಉತ್ತರಿಸುತ್ತಿದ್ದಳು. ಒಂದಕ್ಷರ ಆಚೀಚೆಯಾದರೂ "ಗೊತ್ತಿಲ್ಲದ ಆದೇಶ" ಎಂದು ಮುಖ ತಿರುಗಿಸುತ್ತಿದ್ದಳು. ನಿನ್ನೆ ಸಂಜೆಯ ಪಾಠ, ಪಾಸ್‌ವರ್ಡ್ ಇಡುವುದು. ಯಾರಿಗೂ ಊಹಿಸಲಾಗದಂಥದ್ದನ್ನು ಇಡಬೇಕು ಎಂದಿತ್ತು ಪುಸ್ತಕ. ಅವಳ ಕಿವಿಯಲ್ಲಿ ಉಸುರಿದ್ದ. ಎಷ್ಟು ಚೆನ್ನಾಗಿ ಇಟ್ಟಿದ್ದನೆಂದರೆ, ಬೆಳಗಾಗುವಷ್ಟರಲ್ಲಿ ಅವನಿಗೇ ಊಹಿಸಲಾಗಲಿಲ್ಲ. ಆಗಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ.

"ತಮಾಷೆ ಸಾಕು ಕಣೇ. ಟೀ ಆದ್ರೂ ಕೊಡು."

"ಪಾಸ್‌ವರ್ಡ್?"

"ಏನ್ ಅಳಿಯಂದ್ರೇ," ಎಂದರು ಕಿಟಕಿಯ ಬಳಿ ಕೂತಿದ್ದ ಅತ್ತೆ. "ಬಂಗಾರದಂಥ ಹುಡುಗೀನ ಕೊಟ್ವಿ, ಬೀಗ ಜಡಿದು ಕೀಲಿ ಕಳ್ಕೊಂಡ್ರಾ?"

"ನೀವಾದ್ರೂ ಬುದ್ಧಿ ಹೇಳಿ ಅತ್ತೆ."

"ಕೇಳೋಳಾ ಅವಳು? ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆ ಆಡೋಕೆ ಬೀರು ಒಳಗೆ ಕೂತೋಳು, ನಾವೆಲ್ಲ ಊಟ ಮುಗಿಸಿ ಕೈ ತೊಳೆದ್ರೂ ಹೊರಗೆ ಬರಲಿಲ್ಲ. ಆಟ ಅಂದ್ರೆ ಆಟ." ಅತ್ತೆ ಕನ್ನಡಕ ಏರಿಸಿ ಪುಸ್ತಕ ತೆರೆದರು. "ಇಲ್ಲಿದೆ ನೋಡಿ ದಾರಿ. ಪಾಸ್‌ವರ್ಡ್ ಮರೆತ್ರೆ ಪೆಟ್ಟಿಗೆ ಆರಿಸಬೇಕಂತೆ. ಮತ್ತೆ ಹಚ್ಚಿದ ಕೂಡಲೇ, ಹಳೇ ಸೆಟ್ಟಿಂಗ್ ಎಲ್ಲ ಲೋಡ್ ಆಗೋಕೆ ಮುಂಚೆ, ಬ್ರೇಕ್ ಕೀ ಒತ್ತಬೇಕಂತೆ."

ಮಧ್ಯಾಹ್ನ ಊಟ ಮಾಡಿ ಹೆಂಡತಿ ಅಡ್ಡಾದಳು. ಅವನು ಇಲಿಯ ಬಿಲದೆದುರು ಕೂತ ಬೆಕ್ಕಿನಂತೆ ಹಾಸಿಗೆಯ ಪಕ್ಕದಲ್ಲೇ ಕೂತ. ಅವಳ ರೆಪ್ಪೆ ಅಲುಗಿದ್ದೇ ತಡ, ಅಂಗೈಯನ್ನು ಒತ್ತಿಹಿಡಿದು "ಬ್ರೇಕ್!" ಎಂದ.

ಅವಳು ಕಣ್ಣು ಬಿಟ್ಟಳು. ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ. "ಒಳಗೆ ಬಂದ್ರಿ," ಎಂದಳು ಮೆಲ್ಲಗೆ. "ಹಳೇದೇನೂ ಲೋಡ್ ಆಗಿಲ್ಲ. ಹೊಸ ಪಾಸ್‌ವರ್ಡ್ ಹೇಳಿ."

ಈ ಸಲ ಸುಲಭದ್ದನ್ನೇ ಹೇಳಿದ. ಕಿವಿಗೆ ಕಚಗುಳಿಯಾಗಿ ಅವಳು ನಕ್ಕುಬಿಟ್ಟಳು. ಆ ನಗುವನ್ನು ಎಲ್ಲೋ ಕಂಡಿದ್ದೇನಲ್ಲ ಎನಿಸಿತು ಅವನಿಗೆ.

"ಇನ್ನೊಂದ್ ಹೆಜ್ಜೆ ಬಾಕಿ ಇದೆ!" ಬಾಗಿಲಿಂದ ಅತ್ತೆ ಕೂಗಿದರು. "ಹಳೇ ಸೆಟ್ಟಿಂಗೆಲ್ಲ ವಾಪಸ್ ತುಂಬಬೇಕಂತೆ. ಅದನ್ನ ಬಿಟ್ರೆ ಮಾರ್ಕ್ಸ್ ಇಲ್ಲ."

"ತುಂಬ್ಕೊಳ್ಲಾ?" ಎಂದಳು ಹೆಂಡತಿ.

ಆದೇಶ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ತಮ್ಮನ ಮದುವೆಯಲ್ಲಿ ತಾನು ಮುನಿಸಿಕೊಂಡು ಎಲೆಯ ಮುಂದಿನಿಂದ ಎದ್ದದ್ದು, ನೆಂಟರೆದುರು ಅವಳ ಹಾಡಿಗೆ ನಕ್ಕದ್ದು, ಅಲ್ಲಿಂದೀಚೆಗೆ ಅವಳು ಹಾಡದೇ ಹೋದದ್ದು, ಎಲ್ಲವೂ ಅವಳೊಳಗೆ ಮರಳಲು ಒಂದೇ ಸಾಲಿನ ಆದೇಶಕ್ಕೆ ಕಾದು ನಿಂತಿದ್ದವು.

"ಅತ್ತೆ," ಎಂದ ಅವನು, "ಆ ಪುಸ್ತಕ ಸ್ವಲ್ಪ ಮುಚ್ಚಿಡಿ."

ಹೆಂಡತಿ ಹಾಸಿಗೆಯಲ್ಲಿ ಒಂಚೂರು ಸರಿದು ಜಾಗ ಮಾಡಿಕೊಟ್ಟು ಕೇಳಿದಳು: "ನಿಮ್ಮ ಹೆಸರೇನಂದ್ರಿ?"