ಏಳನೇ ಕಮಾನು

"ನಮ್ಮ ಸೇತುವೆಗೆ ಏಳಲ್ಲ ಸಿಸ್ಟರ್, ಆರೇ ಕಮಾನು," ಎಂದ ಮಠದ ಕಿಟಕಿಯ ಕಂಬಿಗಳಾಚೆ ನಿಂತಿದ್ದ ನಗರಸಭೆಯ ಗುಮಾಸ್ತ ವೋಲ್ಫರ್ಟ್. ಮೂವತ್ತು ವರ್ಷದಿಂದ ಸನ್ಯಾಸಿನಿ ಇರ್ಮೆಲ್ ಬರೆಯುತ್ತಿದ್ದ ಊರಿನ ಚರಿತ್ರೆಯ ಹಾಳೆ ಅವನ ಕೈಯಲ್ಲಿತ್ತು. "ಮೈನ್ ನದಿ ಉಕ್ಕಿ ಒಂದು ಕೊಚ್ಚಿಹೋಗಿ ಹನ್ನೊಂದು ವರ್ಷ ಆಯ್ತಲ್ಲ! ಅಲ್ಲಿಗೆ ಹಲಗೆ ಹಾಕವ್ರೆ. ಊರೆಲ್ಲ ಬೈಕೊಂಡೇ ದಾಟುತ್ತೆ."

"ನಂಗ್ಯಾರೂ ಹೇಳಲೇ ಇಲ್ವಲ್ಲಪ್ಪ."

"ಒಂದ್ಸಲ ಹೋಗಿ ನೋಡ್ಕೊಂಡು ಬಂದಿದ್ರೆ..." ಎಂದವನು ನಾಲಿಗೆ ಕಚ್ಚಿಕೊಂಡ. ಒಂಬತ್ತನೇ ವಯಸ್ಸಿಗೆ ಮಠ ಸೇರಿದ ಇರ್ಮೆಲ್ ಹೆಣವಾದರೂ ಆ ಗೋಡೆ ದಾಟುವಂತಿರಲಿಲ್ಲ, ಸತ್ತ ಸನ್ಯಾಸಿನಿಯರನ್ನೂ ಒಳಗೇ ಹೂಳುತ್ತಿದ್ದರು. "ಹೋಗ್ಲಿ ಬಿಡಿ. ಕೆರೆದು ಆರು ಅಂತ ಮಾಡಿ. 'ಲೋಕದಲ್ಲೇ ಇಂಥ ಊರಿಲ್ಲ' ಅನ್ನೋದು ಮಾತ್ರ ಹಾಗೇ ಇರ್ಲಿ. ಸಭೆಯ ಹಿರಿಯರಿಗೆ ತುಂಬಾ ಹಿಡಿಸಿದೆ."

ಚರ್ಮದ ಹಾಳೆ ಕಂಬಿಯ ಸಂದಿಯಿಂದ ಮರಳಿ ಬಂತು. ಇರ್ಮೆಲ್ ಚಾಕು ಎತ್ತಿಕೊಂಡು 'ಏಳು' ಎಂಬುದನ್ನು ಕೆರೆದಳು. ಚಾಕು ಅಲ್ಲಿಗೆ ನಿಲ್ಲಲಿಲ್ಲ. ಹಿರಿಯರಿಗೆ ಹಿಡಿಸಿದ ಸಾಲನ್ನೂ ಕೆರೆದುಹಾಕಿತು. ಆ ಜಾಗದಲ್ಲಿ ಅವಳು ಬರೆದಳು: "ಮುಂದೆಂದಾದರೂ ಇದನ್ನು ಓದುವವರೇ, ನಾನು ಈ ಊರನ್ನು ನೋಡಿಲ್ಲ. ಸೇತುವೆ ಇನ್ನೂ ಇದ್ದರೆ ನನಗಾಗಿ ಒಮ್ಮೆ ದಾಟಿ. ಹಲಗೆ ಇರುವಲ್ಲಿ ಮೆಲ್ಲಗೆ."