ಬೆರಳಚ್ಚು

ಹೊಸ ವಿಂಡೋಸ್ ಹಾಕುವ ಮೊದಲು ಸೆಕ್ಯುರಿಟಿ ಚಿಪ್ ಪರೀಕ್ಷಿಸದೆ ನಾಗವೇಣಿ ಯಾವ ಲ್ಯಾಪ್‌ಟಾಪಿಗೂ ಕೈ ಹಾಕುವವಳಲ್ಲ. ಅವಳ ರಿಪೇರಿ ಅಂಗಡಿಯಲ್ಲಿ ಶಾಲು ಹೊದ್ದು ಕೂತ ಗಿರಾಕಿ ಎವೆಯಿಕ್ಕದೆ ಪರದೆಯನ್ನೇ ನೋಡುತ್ತಿದ್ದರು.

“ಚಿಪ್ ಐತ್ರಿ ಕಾಕಾ, ಆದ್ರ ಹಳೇದು. ಮೊದಲ ಅದನ್ನ ಅಪ್‌ಡೇಟ್ ಮಾಡಬೇಕು. ಮಾಡಿದ್ರ, ಲ್ಯಾಪ್‌ಟಾಪ್ ತೆಗಿಯಾಕ ಇಟ್ಟಿರೋ ಬೆರಳಚ್ಚು ಅಳಿಸಿ ಹೋಗತೈತಿ.”

“ಹಂಗಾರ ಬ್ಯಾಡ ಯವ್ವಾ. ಹಳೇ ವಿಂಡೋಸೇ ಇರ್ಲಿ.”

“ವೈರಸ್ ಹೊಕ್ಕರ ಎಲ್ಲಾ ಹಾಳಾಗತೈತ್ರಿ.”

“ಆಗ್ಲಿ.”

ತೀರಿಹೋದ ಗಂಡನ ಬೆರಳಚ್ಚು ಅಳಿಸಬೇಡಿ ಎಂದು ಹೋದ ತಿಂಗಳು ಒಬ್ಬಾಕೆ ಇದೇ ಕುರ್ಚಿಯಲ್ಲಿ ಕೂತು ಅತ್ತಿದ್ದಳು. ನಾಗವೇಣಿ ದನಿ ತಗ್ಗಿಸಿ ಕೇಳಿದಳು, “ಯಾರದ್ರಿ ಕಾಕಾ? ಕಾಕೂ ಅವರದೇನ್ರಿ?”

“ಅಲ್ಲ ಯವ್ವಾ, ನಂದ.”

ಅವಳಿಗೆ ನಗು ಬಂತು. “ನಿಮ್ದ ಅಂದಮ್ಯಾಲ ಯಾಕ್ರಿ ಚಿಂತಿ? ಅಪ್‌ಡೇಟ್ ಆದಮ್ಯಾಲ ಅದ ಬೆರಳು ಮತ್ತೊಮ್ಮಿ ಇಟ್ರ ಆತು.”

ಬಂದಾಗಿನಿಂದ ಶಾಲಿನೊಳಗೇ ಇದ್ದ ಬಲಗೈಯನ್ನು ಅವರು ಮೆಲ್ಲಗೆ ಹೊರತೆಗೆದು ಮೇಜಿನ ಮೇಲಿಟ್ಟರು. ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ.